ಕಿವಿಯಲ್ಲಿ ಹೇಳುವ ಮದ್ದು

ಅವ್ವ ತೀರಿಕೊಂಡರು ಎಂಬ ಸುದ್ದಿ ಬಂದಾಗ ನಾನು ನಂಬಲಿಲ್ಲ. ಇದರಲ್ಲಿ ನನ್ನ ತಪ್ಪೇನಿಲ್ಲ. ಅವರ ಮನೆಯ ಮುಂಗೋಣೆಯಲ್ಲಿ ನಾನು ಬಾಡಿಗೆಗಿದ್ದ ಏಳು ವರ್ಷಗಳಲ್ಲಿ ಅವರು ನನ್ನ ಕಣ್ಣೆದುರಿಗೇ ನಾಲ್ಕು ಸಲ ಸಾಯಲೆಂದು ಮಲಗಿದ್ದರು. ನಾಲ್ಕೂ ಸಲ ಎದ್ದು ಕುಳಿತು ಸೊಸೆಯ ಅಡಿಗೆಯಲ್ಲಿ ತಪ್ಪು ಹುಡುಕಿದ್ದರು. ಹೀಗಾಗಿ ಪೆದ್ದಕಡುಬೂರಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರು, "ಟೀಚರಮ್ಮಾ, ನಿಮ್ಮ ಆದೋನಿ ಅವ್ವ ಹೋದ್ಲಂತ್ರಿ" ಎಂದಾಗ, "ಇಷ್ಟೊತ್ತಿಗೆ ಎದ್ದಿರ್ತಾರೆ ಬಿಡ್ರಿ" ಎಂದುಬಿಟ್ಟೆ. ಆತ ನನ್ನನ್ನು ಒಂಥರಾ ನೋಡಿ ಟಿಕೆಟ್ ಹರಿಯಲು ಹೋದ. ಆಮೇಲೆ ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಅತ್ತೆ.

ಅವರಿಗೊಂದು ಹೆಸರಿತ್ತು, ಮತದಾರರ ಪಟ್ಟಿಯಲ್ಲಿ ಇದ್ದಿರಲೇಬೇಕು. ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲವಾದ್ದರಿಂದ ನಾನೂ ಬಳಸುವುದಿಲ್ಲ. ಕೋಟೆ ಗುಡ್ಡದ ಕೆಳಗಿನ ನಮ್ಮ ಓಣಿಗೆಲ್ಲ ಅವರು ಅವ್ವ. ಸೊಸೆ ಈರಮ್ಮನಿಗೆ ಅತ್ತಿ. ಕೌತಾಳಂ ಕಡೆಯಿಂದ ಮೊದಲ ಬಸ್ಸಿಗೆ ಕಣ್ಣು ಹಳದಿ ಮಾಡಿಕೊಂಡು ಬಂದು ಇಳಿಯುವವರಿಗೆ ಮದ್ದಿನವ್ವ. ಉರುಕುಂದದ ಈರಣ್ಣಸ್ವಾಮಿಗೆ ಹರಕೆ ಹೊತ್ತವರು ಕೂಡ ಯಾವುದಕ್ಕೂ ಇರಲಿ ಎಂದು ಇಲ್ಲಿಗೊಮ್ಮೆ ಬಂದೇ ಹೋಗುತ್ತಿದ್ದರು.

ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿ, ಗಡಿಯಾಚೆ ಆಂಧ್ರದ ಆದೋನಿಯ ಕನ್ನಡ ಮಾಧ್ಯಮದ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ನನ್ನ ತಲೆಯಲ್ಲಿ ವಿಜ್ಞಾನ ಬಿಟ್ಟರೆ ಬೇರೇನೂ ಇರಲಿಲ್ಲ. ವಿಜ್ಞಾನವಾದರೂ ಎಷ್ಟಿತ್ತು ಎಂದು ಈಗ ಅನುಮಾನ ಬರುತ್ತದೆ. ಮನೆ ನೋಡಲು ಹೋದ ದಿನ ಅವ್ವ ಬಾಡಿಗೆಯ ಮಾತನ್ನೇ ಎತ್ತಲಿಲ್ಲ.

"ನಾಲಿಗಿ ತಗಿ" ಎಂದರು.

ನಾನು ಗಾಬರಿಯಾಗಿ ನಾಲಿಗೆ ಚಾಚಿದೆ.

"ಹೊಟ್ಟಿ ಕೆಟ್ಟೈತಿ. ಹೋಟೆಲ್ನಾಗ ಉಣ್ಣಾಕಿ ನೀನು. ಕುಂದರು, ಕಷಾಯ ಕಾಸ್ತೀನಿ."

ಆ ಕಷಾಯ ಕುಡಿದಾಗ ನನಗೆ ನನ್ನ ಹಿರಿಯರೆಲ್ಲ ಕಣ್ಣ ಮುಂದೆ ಬಂದು ಹೋದರು. ಲೋಟ ಕೆಳಗಿಟ್ಟು ನೋಡಿದರೆ ನನ್ನ ಟ್ರಂಕು ಆಗಲೇ ಮುಂಗೋಣೆ ಸೇರಿತ್ತು. ಈರಮ್ಮ ಅದನ್ನು ಒಳಗೆ ಸಾಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ನಿಂತಿದ್ದಳು.

ಅವರ ಅಡಿಗೆಮನೆಯಲ್ಲಿ ಎರಡು ಗೂಡುಗಳಿದ್ದವು. ಒಂದರಲ್ಲಿ ಸಾರಿನ ಸಾಮಾನು, ಇನ್ನೊಂದರಲ್ಲಿ ಮದ್ದಿನ ಸಾಮಾನು. ಡಬ್ಬಿಗಳು ಎರಡರಲ್ಲೂ ಒಂದೇ ಥರದವು. ಅವ್ವನಿಗೆ ಓದಲು ಬರದು, ಆದ್ದರಿಂದ ಚೀಟಿ ಅಂಟಿಸುವ ಪ್ರಶ್ನೆ ಇಲ್ಲ. ಬಜೆ, ಹಿಪ್ಪಲಿ, ಅಳಲೆಕಾಯಿ, ಓಮ, ಎಲ್ಲವನ್ನೂ ಮೂಗಿನಿಂದ ಗುರುತು ಹಿಡಿಯುತ್ತಿದ್ದರು. ಈರಮ್ಮನಿಗೆ ಒಮ್ಮೆ ನೆಗಡಿ ಬಂದು ಮೂಗು ಕಟ್ಟಿದಾಗ ಸಾರಿನ ಪುಡಿ ಎಂದುಕೊಂಡು ಸೋನಾಮುಖಿ ಪುಡಿಯನ್ನು ಧಾರಾಳವಾಗಿ ಹಾಕಿಬಿಟ್ಟಳು. ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಆಕೆಯ ಗಂಡ ಎರಡು ದಿನ ಮಿಲ್ಲಿನ ಕಡೆ ತಲೆ ಹಾಕಲಿಲ್ಲ. ಅದೇ ಸಾರು ಉಂಡಿದ್ದ ನಾನು ಶಾಲೆಗೆ ರಜೆ ಚೀಟಿ ಬರೆದು ಕಾರಣದ ಜಾಗದಲ್ಲಿ "ಸ್ವಂತ ಕೆಲಸ" ಎಂದು ತುಂಬಿದೆ. ಅದು ಸುಳ್ಳೂ ಅಲ್ಲ. ಅವ್ವ ಮಾತ್ರ ಸಂತೋಷದಿಂದ ಇದ್ದರು.

"ಈ ಮನ್ಯಾಗ ಎಲ್ಲಾರ ಹೊಟ್ಟಿ ತೊಳದು ಆರು ತಿಂಗಳಾಗಿತ್ತು. ಚಲೋ ಆತು ಬಿಡು" ಎಂದರು. ಸೊಸೆಯನ್ನು ಅವರು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮದ್ದಿನ ಜೊತೆಗೆ ಮಂತ್ರದ ವಿಭಾಗವೂ ಇತ್ತು. ದೃಷ್ಟಿ ತೆಗೆಯುವುದು, ತಾಯಿತ ಕಟ್ಟುವುದು, ಹೆದರಿದ ಮಕ್ಕಳಿಗೆ ಬೂದಿ ಊದುವುದು. ವಿಜ್ಞಾನದ ಟೀಚರು ಮನೆಯಲ್ಲಿದ್ದಾಳೆಂದು ಅವರು ಒಂದು ದಿನವೂ ಸಂಕೋಚಪಟ್ಟವರಲ್ಲ. ಸಂಕೋಚಪಡುತ್ತಿದ್ದವಳು ನಾನು. ಪರೀಕ್ಷೆ ಹತ್ತಿರ ಬಂದರೆ ನನ್ನ ವಿದ್ಯಾರ್ಥಿನಿಯರೇ ಬಂದು ನನ್ನೆದುರಿಗೇ ಅವ್ವನಿಂದ ಜ್ಞಾಪಕಶಕ್ತಿಯ ಲೇಹ್ಯ ನೆಕ್ಕಿ ಹೋಗುತ್ತಿದ್ದರು. ಪಾಸಾದವರು ಅವ್ವನಿಗೆ ತೆಂಗಿನಕಾಯಿ ತಂದುಕೊಡುತ್ತಿದ್ದರು. ಫೇಲಾದವರು, ಟೀಚರ್ ಸರಿಯಾಗಿ ಪಾಠ ಮಾಡಲಿಲ್ಲ ಎನ್ನುತ್ತಿದ್ದರು.

ಒಮ್ಮೆ ಮಿಲ್ಲಿನ ಮೇಸ್ತ್ರಿಯೊಬ್ಬ ಬಂದ. ಹೆಂಡತಿ ಜಗಳಾಡಿ ಕೌತಾಳಂ ಹತ್ತಿರದ ತವರಿಗೆ ಹೋಗಿದ್ದಳು. ನಾಲ್ಕು ತಿಂಗಳಾದರೂ ಬರಲೊಲ್ಲಳು. ಅವ್ವ ಮೂರು ದಿನ ಏನೇನೋ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಪುಡಿ ಕಟ್ಟಿಕೊಟ್ಟರು. ಓಣಿಯ ತುಂಬ ಮೆಂತ್ಯದ ವಾಸನೆ. ಅವನು ಸ್ವಂತ ಕೈಯಿಂದ ಪಾಯಸ ಮಾಡಿ, ಅದರಲ್ಲಿ ಈ ಪುಡಿ ಬೆರೆಸಿ ಹೆಂಡತಿಗೆ ತಿನ್ನಿಸಬೇಕು. ವಾರದ ಮೇಲೆ ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ಬಂದು ಅವ್ವನ ಕಾಲಿಗೆ ಬಿದ್ದ. ಎದ್ದವನು ಅಂಗಿಯ ಕಿಸೆಗೆ ಕೈ ಹಾಕಿ, ಮುಖ ಸಣ್ಣದು ಮಾಡಿಕೊಂಡು ಪುಡಿಯ ಪೊಟ್ಟಣ ತೆಗೆದ.

"ಗಡಿಬಿಡ್ಯಾಗ ಪುಡಿ ಹಾಕಾದ ಮರ್ತೆ ಅವ್ವಾ. ಬರೇ ಪಾಯಸಕ್ಕ ಬಂದಾಳ."

ಅವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಮದ್ದು ಹಾಕದ ಹೆಂಗ ಬಂದ್ಲು? ಇದು ನಿಲ್ಲಂಗಿಲ್ಲ. ಮೊದ್ಲು ಆಕೀನ ವಾಪಸ್ ಕಳಿಸು. ಸರಿಯಾಗಿ ಪುಡಿ ಹಾಕಿ ಕರ್ಕೊಂಡು ಬಾ!"

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಮೇಸ್ತ್ರಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ನೋಡಿದ. ಕೊನೆಗೆ ಆಕೆಯೇ ಬಂದು ಗಂಡನ ಕೈಯಿಂದ ಪೊಟ್ಟಣ ಕಿತ್ತುಕೊಂಡು, ಅಲ್ಲೇ ಬಾಯಿಗೆ ಸುರಿದುಕೊಂಡು ನೀರು ಕುಡಿದಳು. "ಈಗ ಆತಲ್ಲ, ನಡಿ" ಎಂದು ಗಂಡನನ್ನು ಕರೆದುಕೊಂಡು ಹೋದಳು. ಅವ್ವನಿಗೂ ಸಮಾಧಾನವಾಯಿತು.

ಇನ್ನೊಂದು ಸಲ ನನ್ನ ಕೈಗಡಿಯಾರ ಕಳೆಯಿತು. ಅವ್ವ ಅಂಜನ ಹಾಕುತ್ತೇನೆಂದು ಹಟ ಹಿಡಿದರು. ದೀಪದ ಕಪ್ಪನ್ನು ಹರಳೆಣ್ಣೆಯಲ್ಲಿ ಕಲಸಿ ವೀಳ್ಯದೆಲೆಗೆ ದಪ್ಪಗೆ ಬಳಿದು, ಬೆಳಕಿಗೆ ಹಿಡಿದು ನೋಡುವುದು. ಕದ್ದವರ ಮುಖ ಅದರಲ್ಲಿ ಕಾಣುತ್ತದಂತೆ. ಅವ್ವ ಬಹಳ ಹೊತ್ತು ನೋಡಿದರು.

"ಏನು ಕಾಣಿಸ್ತದೆ ಅವ್ವಾ?"

"ಈರಮ್ಮ ಕಾಣಸ್ತಾಳ" ಎಂದರು ಗಂಭೀರವಾಗಿ.

ನಾನು ತಿರುಗಿ ನೋಡಿದೆ. ಈರಮ್ಮ ಅವರ ಬೆನ್ನ ಹಿಂದೆಯೇ ನಿಂತು ಎಲೆಯೊಳಗೆ ಇಣುಕುತ್ತಿದ್ದಳು. ಆ ಹೊಳಪಿನಲ್ಲಿ ಯಾರು ಇಣುಕಿದರೂ ಕಾಣುತ್ತಿದ್ದರು. ಅಷ್ಟು ಹೇಳಿ ತಿಳಿಸುವಷ್ಟರಲ್ಲಿ ಅತ್ತೆಸೊಸೆ ಹದಿನೈದು ದಿನ ಮಾತು ಬಿಟ್ಟಾಗಿತ್ತು. ಗಡಿಯಾರ ನನ್ನ ಬುತ್ತಿಚೀಲದಲ್ಲೇ ಸಿಕ್ಕಿತು. ಅದನ್ನು ಹೇಳಲು ನನಗೆ ಧೈರ್ಯ ಸಾಲದೆ ಇನ್ನೆರಡು ದಿನ ಹೋಯಿತು.

ಇದೆಲ್ಲ ಪಕ್ಕಕ್ಕಿರಲಿ. ಅವ್ವನ ನಿಜವಾದ ಆಸ್ತಿ ಕಾಮಾಲೆ ಮದ್ದು. ಅವರ ಅತ್ತೆ ಅವರಿಗೆ ಕೊಟ್ಟದ್ದು, ಆಕೆಗೆ ಆಕೆಯ ಅತ್ತೆ. ಸೂರ್ಯ ಹುಟ್ಟುವ ಮುಂಚೆ, ಯಾರ ಜೊತೆಗೂ ಮಾತಾಡದೆ ಹಿತ್ತಲಿಗೆ ಹೋಗಿ ಒಂದು ಸೊಪ್ಪು ಕಿತ್ತು ತರಬೇಕು. ಒರಳಲ್ಲಿ ನುಣ್ಣಗೆ ಅರೆದು, ಆಡಿನ ಹಾಲಲ್ಲಿ ಕದಡಿ, ಹಸಿದ ಹೊಟ್ಟೆಯಲ್ಲಿ ಮೂರು ಮುಂಜಾನೆ ಕುಡಿಸಬೇಕು. ಆಮೇಲೆ ಉಪ್ಪು, ಎಣ್ಣೆ, ಖಾರ ಮುಟ್ಟುವ ಹಾಗಿಲ್ಲ. ರೊಟ್ಟಿಗೆ ಹಸಿಮೆಣಸಿನಕಾಯಿ ಕಚ್ಚಿಕೊಂಡೇ ಬೆಳೆದ ನಮ್ಮ ಕಡೆಯ ಜನಕ್ಕೆ ಇದಕ್ಕಿಂತ ಕಾಮಾಲೆಯೇ ವಾಸಿ ಎನಿಸುತ್ತಿತ್ತು. ಮದ್ದು ಕೊಟ್ಟವರು ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳಬಾರದು. ಎಲ್ಲಕ್ಕಿಂತ ದೊಡ್ಡ ನೇಮ ಎಂದರೆ ಸೊಪ್ಪಿನ ಹೆಸರು ಯಾರಿಗೂ ಹೇಳಬಾರದು. ಬದುಕಿನಲ್ಲಿ ಒಬ್ಬರಿಗೆ, ಒಂದೇ ಸಲ, ಕಿವಿಯಲ್ಲಿ ಹೇಳಬಹುದು. ಕೇಳುವವರು ತಲೆಸ್ನಾನ ಮಾಡಿ ಬಂದಿರಬೇಕು. ಹೇಳಿದ ಕ್ಷಣಕ್ಕೆ ಕೈಗುಣ ಕೇಳಿದವರಿಗೆ ಹೋಗುತ್ತದೆ. ಹೇಳಿದವರ ಕೈ ಖಾಲಿ.

ಯಾರಿಗೂ ಹೇಳದೆ ಸತ್ತರೆ? ಅದು ಇನ್ನೂ ಕೆಟ್ಟದ್ದು. ಸತ್ತವರು ಆ ಗಿಡದ ಸುತ್ತಲೇ ಸುತ್ತುತ್ತಿರಬೇಕಂತೆ. "ಹಿತ್ತಲ ಕಡಿ ಬಚ್ಚಲ ನೀರು ಹೊಕ್ಕಾವ. ಆ ಕೆಸರಾಗ ನಾನು ಎಷ್ಟು ದಿನ ಸುತ್ತಲಿ?" ಎಂದು ಅವ್ವ ಕೇಳುತ್ತಿದ್ದರು.

ಆದ್ದರಿಂದ ಅವರ ಸಮಸ್ಯೆ ಇಷ್ಟೇ: ಸಾಯುವ ಮುಂಚೆ ಹೇಳಬೇಕು, ಆದರೆ ಬದುಕಿರುವಾಗ ಹೇಳಬಾರದು. ಸಾವಿಗೆ ತೀರ ಹತ್ತಿರದ ಗಳಿಗೆಯನ್ನು ಕಾಯಬೇಕು. ಹೇಳಬೇಕಾದವಳು ಈರಮ್ಮ ಎಂಬುದರಲ್ಲಿ ಅನುಮಾನವಿರಲಿಲ್ಲ, ಅದು ಸೊಸೆಗೇ ಹೋಗುವ ಸೊತ್ತು. ಗಳಿಗೆ ಯಾವುದು ಎಂಬುದರಲ್ಲೇ ಎಲ್ಲ ಗೊಂದಲ.

ಮೊದಲ ಸಲ ಅಲಸಂದಿ ವಡೆ ತಿಂದು ಎದೆ ಹಿಡಿಯಿತು. ಅವ್ವ ಚಾಪೆ ಹಾಸಿಕೊಂಡು ಅಂಗಾತ ಮಲಗಿದರು. "ಈರಮ್ಮಾ, ತಲಿಮ್ಯಾಲ ನೀರು ಹಾಕ್ಕೊಂಡು ಬಾ. ಟೈಮ್ ಬಂತು" ಎಂದರು. ಈರಮ್ಮ ಓಡಿಹೋಗಿ ತಲೆಸ್ನಾನ ಮಾಡಿ, ನೀರು ಸುರಿಯುವ ಕೂದಲಲ್ಲೇ ಬಂದು, ಬಗ್ಗಿ ಬಲಗಿವಿ ಕೊಟ್ಟಳು. ನಾನು ಅಳುತ್ತ ಹೊರಗೆ ಹೋದೆ. ಬಾಗಿಲ ಸಂದಿಯಲ್ಲಿ ಅವ್ವ ಬಾಯಿ ತೆರೆದದ್ದು ಕಂಡಿತು. ದೊಡ್ಡದೊಂದು ತೇಗು ಬಂತು.

ಆಮೇಲೆ ಒಳಗಿನಿಂದ ದನಿ. "ಹಗುರಾತು. ಹೋಗು, ಅನ್ನಕ್ಕಿಡು."

ಎರಡನೇ ಸಲ ಚಳಿಜ್ವರ. ಆಗಲೂ ತಲೆಸ್ನಾನವಾಯಿತು, ಕಿವಿ ಬಗ್ಗಿತು. ಅಷ್ಟರಲ್ಲಿ ಬೆವರು ಬಿಟ್ಟು ಜ್ವರ ಇಳಿಯಿತು. ಈರಮ್ಮನಿಗೆ ಮಾತ್ರ ನೆಗಡಿ ಹಿಡಿಯಿತು. ಮೂರನೇ ಸಲ ಕರೆ ಬಂದಾಗ ಆಕೆ ಕೈಕಾಲು ಮುಖ ತೊಳೆದು, ಕೂದಲು ಗಂಟು ಹಾಕಿಕೊಂಡು ಹೊರಟಳು.

"ತಲೆಗೆ ನೀರು?" ಎಂದೆ.

"ಅತ್ತಿ ಬದುಕ್ತಾರ ಬಿಡ್ರಿ ಟೀಚರಮ್ಮ. ಸುಮ್ಮನ ತಲಿ ಯಾಕ ತೋಯಿಸ್ಕೊಳ್ಳಲಿ?"

ಬದುಕಿದರು. ಸೊಸೆಯ ಕೂದಲು ಒಣಗಿದ್ದನ್ನು ಕಂಡು ಸಿಟ್ಟಿನಿಂದಲೇ ಎದ್ದು ಕುಳಿತರು. ಇಂಥವಳಿಗೆ ಹೇಳುವುದಕ್ಕಿಂತ ಬಚ್ಚಲ ಕೆಸರಲ್ಲಿ ಸುತ್ತುವುದೇ ಮೇಲು ಎಂದು ಓಣಿಗೆಲ್ಲ ಕೇಳುವಂತೆ ಸಾರಿದರು.

ಮರುವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ ಅವ್ವ ಇದ್ದಕ್ಕಿದ್ದಂತೆ ಕಪ್ಪು ಕನ್ನಡಕ ಹಾಕಲು ಶುರು ಮಾಡಿದರು. ಯಾವುದೋ ಕಣ್ಣಿನ ಕ್ಯಾಂಪಿನಲ್ಲಿ ಪೊರೆ ತೆಗೆದಾಗ ಕೊಟ್ಟಿದ್ದ ಕನ್ನಡಕ ಅದು. ಎರಡು ವರ್ಷ ಮೊಳೆಗೆ ನೇತುಬಿದ್ದಿತ್ತು. ಈಗ ಹಗಲು ಸಂಜೆ ಎನ್ನದೆ ಮೂಗಿನ ಮೇಲೆ. ಅದನ್ನು ಹಾಕಿಕೊಂಡೇ ಅಕ್ಕಿ ಆರಿಸುತ್ತಿದ್ದರು, ನಾವೆಲ್ಲ ಕಲ್ಲು ಕಡಿಯುತ್ತಿದ್ದೆವು. ಊಟವನ್ನೂ ಬಿಟ್ಟರು. ಕೇಳಿದರೆ ಉಪವಾಸ. ಸೋಮವಾರ ಶಿವನಿಗೆ, ಮಂಗಳವಾರ ಅಮ್ಮನಿಗೆ, ಗುರುವಾರ ಉರುಕುಂದ ಈರಣ್ಣನಿಗೆ, ಶನಿವಾರ ಹನುಮಂತನಿಗೆ. ಬುಧವಾರ ಯಾವ ದೇವರಿಗೆ ಎಂದು ನಾನು ಕೇಳಿದ್ದಕ್ಕೆ, "ಬಿಎಸ್ಸಿ ಓದೀದಿ, ಅಷ್ಟೂ ಗೊತ್ತಿಲ್ಲೇನು?" ಎಂದು ಬಾಯಿ ಮುಚ್ಚಿಸಿದರು.

ಒಂದು ಬೆಳಿಗ್ಗೆ ಅವರು ಮುಖ ತೊಳೆಯುವಾಗ ನಾನು ಹಿಂದಿನಿಂದ ಹೋದೆ. ಕನ್ನಡಕ ಕಲ್ಲಿನ ಮೇಲಿತ್ತು. ಅವ್ವ ತಿರುಗಿದರು. ಕಣ್ಣು ಎರಡೂ ಅರಿಶಿನದ ನೀರಿನಂತೆ ಹಳದಿ.

ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. "ಬಾಯಿ ಬಿಟ್ಟಿ ಅಂದ್ರ ಇವತ್ತ ಕೋಣಿ ಖಾಲಿ ಮಾಡಿಸ್ತೀನಿ."

"ಅವ್ವಾ, ಇದು ಕಾಮಾಲೆ. ನಿಮ್ಮ ಮದ್ದೇ ಕುಡೀರಿ."

"ನನಗ ನಾನ ಕೊಟ್ಕೊಂಡ್ರ ಹತ್ತಂಗಿಲ್ಲ. ಬ್ಯಾರೆಯವರ ಕೈಯಿಂದನ ಕುಡೀಬೇಕು. ಅವರಿಗೆ ಹೇಳಿದ್ರ ನನ್ನ ಕೈ ಹೋತು." ಅವರು ಬಚ್ಚಲ ಕಲ್ಲಿನ ಮೇಲೆ ಕುಸಿದು ಕುಳಿತರು. "ಮೂವತ್ತು ವರ್ಷ ಆತು ಟೀಚರಮ್ಮ, ಈ ಬಾಗಿಲಿಗೆ ಜನ ಬರ್ತಾರ. ಕೈ ಹೋದ ಮ್ಯಾಲ ನಾನು ಯಾರು? ಬಾಗಿಲಾಗ ಕುಂತ ಮುದುಕಿ, ಅಷ್ಟ."

ಯಾರಿಗೂ ಗೊತ್ತಾಗದಂತೆ ಡಾಕ್ಟರ ಹತ್ತಿರ ಹೋಗೋಣ ಎಂದೆ. ನನಗೆ ಆಶ್ಚರ್ಯವಾಗುವಂತೆ ಒಪ್ಪಿದರು. ಡಾಕ್ಟರು ಎಂದರೆ ಅವರ ಪಾಲಿಗೆ ಸೂಜಿ ಚುಚ್ಚಿ ಬದುಕುವವರು. ಅಂಥವರ ಬಾಗಿಲಿಗೆ ಹೋಗಲು ತಯಾರಾದರೆಂದರೆ ಪ್ರಾಣಕ್ಕಿಂತ ಕೈಗುಣ ಅವರಿಗೆ ಎಷ್ಟು ದೊಡ್ಡದಿತ್ತು ಎಂದು ಆಗ ತಿಳಿಯಿತು.

ಪರಿಚಯದವರು ಸಿಗಬಾರದೆಂದು ರೈಲ್ವೆ ಸ್ಟೇಷನ್ ಕಡೆಯ ಒಬ್ಬ ಡಾಕ್ಟರ ಹತ್ತಿರ ಜಟಕಾದಲ್ಲಿ ಹೋದೆವು. ಅವ್ವ ಸುಳ್ಳು ಹೆಸರು ಕೊಟ್ಟು, ಊರು ಕೌತಾಳಂ ಎಂದರು. ಕನ್ನಡಕ ತೆಗೆಯಿರಿ ಎಂದರೆ ತೆಗೆಯಲಿಲ್ಲ. ಡಾಕ್ಟರು ತಾಳ್ಮೆಯ ಮನುಷ್ಯ. ಬದಿಯಿಂದ ಟಾರ್ಚು ಬಿಟ್ಟು ನೋಡಿ, ಉಗುರು ನೋಡಿ, ಹೊಟ್ಟೆ ಒತ್ತಿ ನೋಡಿ, ತೆಲುಗಿನಲ್ಲಿ ಹೇಳಿದರು.

"ಪಚ್ಚಕಾಮೆರ್ಲಮ್ಮಾ. ದೀನಿಕಿ ಮಾ ದಗ್ಗರ ಮಂದು ಲೇದು."

ಕಾಮಾಲೆ, ಇದಕ್ಕೆ ನಮ್ಮ ಹತ್ತಿರ ಮದ್ದಿಲ್ಲ ಎಂದು ಅರ್ಥ. ಎಣ್ಣೆ ತಿನ್ನಬೇಡಿ, ಗ್ಲೂಕೋಸು ಕುಡಿಯಿರಿ, ಮಲಗಿಕೊಳ್ಳಿ ಎಂದ ಮೇಲೆ ದನಿ ತಗ್ಗಿಸಿ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ. ಕೋಟೆ ಗುಡ್ಡದ ಕೆಳಗೆ ಒಬ್ಬ ಮುದುಕಮ್ಮ ಇದ್ದಾಳೆ. ಬಾಯಿ ಬಹಳ ಜೋರು. ಆದರೆ ಕೈಗುಣ ಇದೆ. ನಮ್ಮ ಮನೆಯವರಿಗೂ ಅಲ್ಲೇ ಕೊಡಿಸಿದ್ದೆ. ಅಲ್ಲಿಗೆ ಕರಕೊಂಡು ಹೋಗಿ."

ನಾನು ಅವ್ವನ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರು ನೋಡಿದೆ.

ಜಟಕಾ ಬಹಳ ದೂರ ಬಂದಿತ್ತು. ರಸ್ತೆಯ ತುಂಬ ಮಿಲ್ಲುಗಳ ಹತ್ತಿಯ ಎಳೆ ಹಾರಾಡುತ್ತಿತ್ತು. ಅವ್ವ ಕೇಳಿದರು. "ಬಾಯಿ ಜೋರು ಅಂದನೇನು?"

"ಅಂದರು."

"ಕೈಗುಣ ಐತಿ ಅಂತಾನೂ ಅಂದ."

"ಅಂದರು ಅವ್ವಾ."

"ಊರಿಗೆಲ್ಲ ಬರೋ ಕೈ, ನನಗೊಬ್ಬಾಕಿಗೆ ಬರಲಿಲ್ಲ ನೋಡು" ಎಂದು ಕನ್ನಡಕದ ಕೆಳಗೆ ಸೆರಗು ತೂರಿಸಿ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೂ ಅಳು ಬಂತು. ಜಟಕಾದವನು ಗಾಬರಿಯಾಗಿ ಕುದುರೆಯನ್ನು ನಿಧಾನ ಮಾಡಿದ.

ಎರಡು ದಿನ ಹಾಗೇ ಕಳೆದವು. ಮೂರನೇ ಸಂಜೆ ಅವರಿಗೆ ಏಳಲಾಗಲಿಲ್ಲ. "ಈರಮ್ಮನ ಕರಿ" ಎಂದರು. ದನಿಯೇ ಹೊರಡುತ್ತಿರಲಿಲ್ಲ. ನಾನು ಹೋಗಿ ಕರೆಯುವ ಮೊದಲೇ ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು. ಈ ಸಲ ಈರಮ್ಮ ತಲೆಯ ಮೇಲೆ ಬಿಂದಿಗೆಗಟ್ಟಲೆ ನೀರು ಹಾಕಿಕೊಂಡು, ನಡುಗುತ್ತ ಬಂದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ತೇಗು ಬರಲಿ ಎಂದು ಬೇಡಿಕೊಂಡೆ. ಬರಲಿಲ್ಲ. ಒಳಗೆ ಪಿಸುಮಾತು ಕೇಳಿಸಿತು. ಆಮೇಲೆ ಈರಮ್ಮನ ದನಿ ಬಂತು. "ಹೌದೇನ್ರಿ ಅತ್ತಿ? ಅದೇನ್ರಿ? ನನಗ ಗೊತ್ತಾ ಇರಲಿಲ್ಲ ನೋಡ್ರಿ."

ಮೂರು ಮುಂಜಾನೆ ಈರಮ್ಮ ಬಾಯಿ ಬಿಗಿದುಕೊಂಡು ಹಿತ್ತಲಿಗೆ ಹೋದಳು, ಅರೆದಳು, ಕುಡಿಸಿದಳು. ರೋಗಿಯಾಗಿ ಅವ್ವ ಬಹಳ ಕೆಟ್ಟವರು. ನುಣ್ಣಗೆ ಅರೆದಿಲ್ಲ ಎಂದರು, ಆಡಿನ ಹಾಲು ಹಳಸಿದೆ ಎಂದರು, ಬಟ್ಟಲು ಹಿಡಿಯುವ ರೀತಿಯೇ ಸರಿಯಿಲ್ಲ ಎಂದರು. ದಿನದಿನಕ್ಕೆ ಬೈಗುಳದ ದನಿ ಏರುತ್ತಿದ್ದುದರಿಂದ ಗುಣವಾಗುತ್ತಿದೆ ಎಂದು ನಮಗೆ ಗೊತ್ತಾಯಿತು. ಹತ್ತು ದಿನಕ್ಕೆ ಕಣ್ಣು ತಿಳಿಯಾಯಿತು. ಕನ್ನಡಕ ಮೊಳೆಗೆ ಹೋಯಿತು. ಮದ್ದಿನಿಂದಲೋ, ಡಾಕ್ಟರು ಹೇಳಿದ ಪಥ್ಯದಿಂದಲೋ, ತಾನಾಗಿಯೋ, ನಾನು ಹೇಳಲಾರೆ. ಆ ಓಣಿಯಲ್ಲಿ ನಿಂತು ಅಂಥ ಪ್ರಶ್ನೆ ಕೇಳುವ ಧೈರ್ಯ ನನಗಿರಲಿಲ್ಲ.

ಆ ವಾರ ಈರಮ್ಮ ಬಟ್ಟೆ ಒಗೆಯುವಾಗ ನಾನು ಪಕ್ಕದಲ್ಲಿದ್ದೆ. ಅತ್ತೆ ಕೊನೆಗೂ ಹೇಳಿದರಲ್ಲ, ಸಂತೋಷವಾಯಿತೇ ಎಂದೆ. ಆಕೆ ಸುತ್ತ ನೋಡಿ ದನಿ ತಗ್ಗಿಸಿದಳು.

"ಮದಿವ್ಯಾಗಿ ಬಂದ ಎರಡನೇ ವರ್ಷನ ಗೊತ್ತಾಗಿತ್ತು ಟೀಚರಮ್ಮ. ಒರಳು ತೊಳ್ಯಾಕಿ ನಾನ ಅಲ್ಲೇನು? ಎಲಿ ಚೂರು ನೋಡಿದ್ರ ಗೊತ್ತಾಗಂಗಿಲ್ಲೇನು?"

"ಮತ್ತೆ ಇಷ್ಟು ವರ್ಷ ಸುಮ್ಮನಿದ್ದಿ?"

"ನನಗ ಗೊತ್ತೈತಿ ಅಂದಿದ್ರ ಅವತ್ತ ಅವರ ಜೀವ ಹೋಗತಿತ್ತು. ಆ ಮದ್ದಿನ ಮ್ಯಾಲ ಬದಿಕ್ಯಾರ ಅವರು. ನೀವು ಅತ್ತಿ ಮುಂದ ಅನಬ್ಯಾಡ್ರಿ ಮತ್ತ." ಮೂರು ಸಲ ತಲೆಸ್ನಾನ ಮಾಡಿ, ನೆಗಡಿ ಹಿಡಿಸಿಕೊಂಡು, ಗೊತ್ತಿದ್ದ ಹೆಸರನ್ನು ಕೇಳಲು ಕಿವಿ ಕೊಟ್ಟವಳು ಈಕೆ. ನಾನು ಆಕೆಯನ್ನು ಅಲ್ಲಿಯವರೆಗೆ ಪೆದ್ದಿ ಎಂದುಕೊಂಡಿದ್ದೆ. ಆ ದಿನ ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಆದರೆ ಅವ್ವ ಹೆದರಿದ್ದು ನಿಜವೇ ಆಯಿತು. ಕೌತಾಳಂ ಬಸ್ಸಿನಿಂದ ಇಳಿದ ಮೊದಲ ರೋಗಿ ಎಂದಿನಂತೆ ಕಟ್ಟೆಯ ಮೇಲಿದ್ದ ಅವರ ಮುಂದೆ ಕುಳಿತ. "ನನ್ನ ಕೈಯಾಗ ಏನಿಲ್ಲಪ್ಪ. ಒಳಗ ಹೋಗು, ಆಕಿ ಅದಾಳ" ಎಂದರು. ಆ ದಿನವೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಿದರು. ಯಾರನ್ನೂ ಬೈಯಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು.

ಮರುದಿನ ಎರಡನೇ ರೋಗಿ ಬಂದಾಗ ಈರಮ್ಮ ಒಳಗಿನಿಂದ ಒರಳ ಗುಂಡು ಹಿಡಿದುಕೊಂಡೇ ಹೊರಗೆ ಬಂದಳು. "ಸೀದಾ ನನ್ನ ಹತ್ರ ಬಂದ್ರ ನಡ್ಯಂಗಿಲ್ಲ. ಮೊದ್ಲು ಅತ್ತಿ ಕಣ್ಣು ನೋಡಬೇಕು. ಅವರು ಹೂಂ ಅನ್ನದ ನಾನು ಅರ್ಯಂಗಿಲ್ಲ. ಹಂಗ ನೇಮ ಐತಿ."

ಅವ್ವ ತಲೆಯೆತ್ತಿ ಸೊಸೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ರೋಗಿಯ ಕ್ರಾಪು ಹಿಡಿದು ಬೆಳಕಿನ ಕಡೆ ತಿರುಗಿಸಿ, "ಕಣ್ಣು ತಗಿ, ಇನ್ನಾ ತಗಿ. ಮುಂಜಾನಿ ಏನು ತಿಂದೀದಿ? ಸುಳ್ಳು ಹೇಳಿದ್ರ ಗೊತ್ತಾಗತೈತಿ" ಎಂದು ಗದರಿದರು. ಅಲ್ಲಿಂದ ಮುಂದೆ ಆ ತಪಾಸಣೆ ಮದ್ದಿಗಿಂತ ದೊಡ್ಡದಾಗಿ ಬೆಳೆಯಿತು. ಕಣ್ಣು, ನಾಲಿಗೆ, ಉಗುರು, ಕೊನೆಗೆ ಮನೆಯ ಜಗಳಗಳು. ಮೂವರಲ್ಲಿ ಒಬ್ಬರನ್ನು, "ಇದು ಕಾಮಾಲಿ ಅಲ್ಲ, ಸೋಮಾರಿತನ" ಎಂದು ವಾಪಸು ಕಳಿಸುತ್ತಿದ್ದರು. ಒಬ್ಬಿಬ್ಬರನ್ನು ಸ್ಟೇಷನ್ ಕಡೆಯ ಡಾಕ್ಟರ ಹತ್ತಿರವೂ ಕಳಿಸಿದರು. "ಮನುಷ್ಯ ಚಲೋ ಅದಾನ, ತಿಳುವಳಿಕೆ ಐತಿ" ಎಂದು ಶಿಫಾರಸು ಬೇರೆ.

ಮುಂದಿನ ವರ್ಷ ನನಗೆ ಪೆದ್ದಕಡುಬೂರಿಗೆ ವರ್ಗವಾಯಿತು. ಹೊರಡುವ ದಿನ ಈರಮ್ಮ ಟ್ರಂಕು ಸಾಗಿಸಲು ಬೀದಿಗೆ ಹೋಗಿದ್ದಾಗ ಅವ್ವ ನನ್ನನ್ನು ಹತ್ತಿರ ಕರೆದರು.

"ಒಂದು ಮಾತು. ಆಕಿ ಮುಂದ ಅನಬ್ಯಾಡ."

"ಏನವ್ವಾ?"

"ಆ ಸೊಪ್ಪು ಆಕಿಗೆ ಮೊದ್ಲ ಗೊತ್ತಿತ್ತು. ಎಲಿ ಚೂರು ಒರಳಾಗ ಬಿಟ್ಟು ಬರತಿದ್ದಾಕಿ ನಾನ. ನಾನು ಒಮ್ಮೆಲೇ ಸತ್ತುಹೋದ್ರ ಮದ್ದು ಮಣ್ಣಾಗಬಾರದು ಅಂತ. ನಮ್ಮತ್ತಿನೂ ಹಂಗ ಬಿಡತಿದ್ಲು."

ಹಾಗಿದ್ದರೆ ಅಷ್ಟು ಒದ್ದಾಡಿದ್ದೇಕೆ, ಡಾಕ್ಟರ ಹತ್ತಿರ ಹೋದದ್ದೇಕೆ ಎಂದು ಕೇಳಿದೆ.

"ಗೊತ್ತಿರಾದು ಬ್ಯಾರೆ, ಕೊಡಾದು ಬ್ಯಾರೆ. ಬಾಯಿಂದ ಹೇಳಿದ್ರನ ಕೈ ಹೋಗಾದು." ಅವರು ಬೀದಿಯ ಕಡೆ ನೋಡಿದರು. "ಕಣ್ಣು ನೋಡೋ ನೇಮ ನಮ್ಮತ್ತಿ ಹೇಳಿರಲಿಲ್ಲ. ಇಕಿ ಕಟ್ಟಿದ್ದು. ನನಗೋಸ್ಕರ ಕಟ್ಯಾಳ. ನಾನು ಸತ್ರೂ ಇದನ್ನ ಆಕಿಗೆ ಹೇಳಬ್ಯಾಡ. ಅತ್ತೀನ ಏಮಾರಿಸೀನಿ ಅಂತ ಖುಷಿಯಾಗಿರಲಿ."

ಸುದ್ದಿ ಕೇಳಿದ ಮರುದಿನ ಮೊದಲ ಬಸ್ಸಿಗೆ ನಾನು ಆದೋನಿಗೆ ಹೋದೆ. ಅವ್ವ ನಿದ್ದೆಯಲ್ಲೇ ಹೋಗಿದ್ದರು, ಯಾರನ್ನೂ ಕರೆಯದೆ, ಯಾರ ತಲೆಯನ್ನೂ ತೋಯಿಸದೆ. ಈರಮ್ಮ ನನ್ನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಇಪ್ಪತ್ತೈದು ವರ್ಷ ದಿನಾ ಬೈಸಿಕೊಂಡವಳು ಹಾಗೆ ಅಳುವುದನ್ನು ಕಂಡು ನೆರೆಯವರಿಗೂ ಆಶ್ಚರ್ಯವಾಯಿತು. ಅತ್ತು ಸುಸ್ತಾದ ಮೇಲೆ ಪಕ್ಕದಲ್ಲಿ ಕುಳಿತು ಮೂಗೊರೆಸಿಕೊಂಡಳು.

"ಒಂದು ಸಮಾಧಾನ ಐತಿ ಟೀಚರಮ್ಮ. ನನಗ ಮೊದ್ಲ ಗೊತ್ತಿತ್ತು ಅಂತ ಅತ್ತಿಗೆ ಕೊನಿತನಕ ಗೊತ್ತಾಗಗೊಡಲಿಲ್ಲ ನೋಡ್ರಿ. ಅಷ್ಟು ಶಾಣ್ಯಾರಿಗೆ ಒಂದು ದಿನಾನೂ ಅನುಮಾನ ಬರಲಿಲ್ಲ." ಅಳುವಿನ ನಡುವೆಯೇ ಮುಖ ಸ್ವಲ್ಪ ಅರಳಿತು. ಆಮೇಲೆ ಇದ್ದಕ್ಕಿದ್ದಂತೆ ಹೆದರಿಕೊಂಡವಳಂತೆ ನನ್ನ ಕೈ ಹಿಡಿದಳು. "ನಿಮ್ಮ ಮುಂದ ಏನಾರ ಅಂದಿದ್ರೇನ್ರಿ?"

ಮಕ್ಕಳಿಗೆ ಸತ್ಯ ಹೇಳಬೇಕೆಂದು ಬೋರ್ಡಿನ ಮೇಲೆ ಬರೆಸುವವಳು ನಾನು. ಆಕೆಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಇಲ್ಲ ಈರಮ್ಮ," ಎಂದೆ. "ಪಾಪ, ಅವ್ವಗ ಏನೂ ಗೊತ್ತಿರಲಿಲ್ಲ."